ಒಣಗಿಸುವ ವಿದ್ಯೆ

ಮಳೆಯಲ್ಲಿ ನೆನೆದ ಪುಸ್ತಕವನ್ನು ಬಿಸಿಲಿಗೆ ಹರವಿದವರಿಗೆ ಗೊತ್ತು: ಪುಟಗಳು ಸುಕ್ಕುಗಟ್ಟುತ್ತವೆ, ರಟ್ಟು ಸೊಟ್ಟಗಾಗುತ್ತದೆ. ನೀರು ಮಾಡಿದ ಹಾನಿಗಿಂತ ಒಣಗಿಸುವ ಅವಸರ ಮಾಡುವ ಹಾನಿಯೇ ಕೆಲವೊಮ್ಮೆ ಹೆಚ್ಚು. ಗ್ರಂಥಾಲಯಗಳು ಈ ಪಾಠವನ್ನು ಭಾರೀ ಬೆಲೆ ತೆತ್ತು ಕಲಿತದ್ದು ಇಟಲಿಯ ಫ್ಲಾರೆನ್ಸಿನಲ್ಲಿ.

1966ರ ನವೆಂಬರ್ 4ರ ನಸುಕಿನಲ್ಲಿ ಆರ್ನೊ ನದಿ ಉಕ್ಕಿ ಊರೊಳಗೆ ನುಗ್ಗಿತು. ಕೆಲವೆಡೆ ನೀರು ಸುಮಾರು 6 ಮೀಟರ್ ಏರಿತ್ತು. ಚಳಿಗಾಲಕ್ಕೆಂದು ನೆಲಮಾಳಿಗೆಗಳಲ್ಲಿ ತುಂಬಿಟ್ಟಿದ್ದ ಉರುವಲು ಎಣ್ಣೆಯೂ ಅದರಲ್ಲಿ ಬೆರೆಯಿತು. ನೀರು ಇಳಿದಾಗ ಉಳಿದದ್ದು ಕೆಸರು, ಚರಂಡಿಯ ಹೊಲಸು, ಕಪ್ಪು ಜಿಡ್ಡು. 30ಕ್ಕೂ ಹೆಚ್ಚು ಜನ ಸತ್ತಿದ್ದರು.

ರಾಷ್ಟ್ರೀಯ ಗ್ರಂಥಾಲಯ ಇದ್ದದ್ದು ನದಿಯ ದಡದಲ್ಲೇ. ಅಮೂಲ್ಯ ಹಳೆಯ ಗ್ರಂಥಗಳಲ್ಲಿ ಅನೇಕವು ನೆಲಮಾಳಿಗೆಯಲ್ಲಿದ್ದವು. ಹತ್ತು ಲಕ್ಷದಷ್ಟು ಪುಸ್ತಕ, ಪತ್ರಿಕೆ, ಕಾಗದಪತ್ರಗಳು ನೆನೆದವು. ಹಲವು ದೇಶಗಳಿಂದ ಬಂದ ತರುಣ ತರುಣಿಯರು ಸಾಲಾಗಿ ನಿಂತು ಕೆಸರು ಮೆತ್ತಿದ ಹೊತ್ತಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಊರವರು ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆದರು.

ಎತ್ತಿದ್ದಾಯಿತು, ಒಣಗಿಸುವುದು ಹೇಗೆ? ಮರದ ಹೊಟ್ಟು ಉದುರಿಸಿದರು; ಹೊಗೆಸೊಪ್ಪು ಒಣಗಿಸುವ ಗೂಡುಗಳಿಗೂ ಪುಸ್ತಕ ಸಾಗಿಸಿದರು. ಬೂಷ್ಟು ಕಾಯುವುದಿಲ್ಲವಲ್ಲ! ಆದರೆ ಆ ಕಾವಿಗೆ ಚರ್ಮದ ಹೊದಿಕೆಗಳು ಮುದುಡಿ ಗಟ್ಟಿಯಾದವು. ಬ್ರಿಟನ್ನಿನಿಂದ ಬಂದ ಪೀಟರ್ ವಾಟರ್ಸ್ ಮತ್ತು ಜೊತೆಗಾರರು ನಿಧಾನದ ದಾರಿ ತೋರಿಸಿದರು: ಹೊಲಿಗೆ ಬಿಚ್ಚಿ, ಹಾಳೆಗಳನ್ನು ತೊಳೆದು, ಒಣಗಿಸಿ, ಹರಿದಲ್ಲಿ ಜಪಾನಿನ ತೆಳುಕಾಗದ ಅಂಟಿಸಿ, ಮತ್ತೆ ಹೊಲಿಯುವುದು. ಅವರಲ್ಲೊಬ್ಬರಾದ ಕ್ರಿಸ್ಟೋಫರ್ ಕ್ಲಾರ್ಕ್ಸನ್ ಒಂದು ಸೋಜಿಗ ಗಮನಿಸಿದರು. ರಟ್ಟಿಲ್ಲದೆ, ಮೆತ್ತನೆಯ ತೊಗಲಿನಲ್ಲಿ ಸಾದಾ ಸುತ್ತಿದ್ದ ಹಳೆಯ ಪುಸ್ತಕಗಳೇ ನೆರೆಯನ್ನು ಚೆನ್ನಾಗಿ ತಾಳಿಕೊಂಡಿದ್ದವು. ವಾಟರ್ಸ್ ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ, ನೆನೆದ ಗ್ರಂಥಗಳನ್ನು ಮೊದಲು ಹಿಮಗಟ್ಟಿಸುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಮುಖ್ಯರಾದರು. ಹಿಮ ಗುಣಪಡಿಸುವುದಿಲ್ಲ, ಬೂಷ್ಟನ್ನು ತಡೆದು ಕಾಲಾವಕಾಶ ಕೊಡುತ್ತದೆ, ಅಷ್ಟೆ.

ಮರದ ಹಲಗೆಯ ಚಿತ್ರಗಳ ಕಷ್ಟ ಇನ್ನೊಂದು ಬಗೆಯದು. ನೆನೆದ ಮರ ಉಬ್ಬುತ್ತದೆ. ಒಣಗುತ್ತ ಕುಗ್ಗಿದಾಗ ಮೇಲಿನ ಬಣ್ಣಕ್ಕೆ ಜಾಗ ಸಾಲದೆ ಹಕ್ಕಳೆಯಾಗಿ ಉದುರುತ್ತದೆ. ಅದಕ್ಕೆಂದೇ ಬೊಬೊಲಿ ಉದ್ಯಾನದ ನಿಂಬೆಗಿಡಗಳ ಮನೆಯಲ್ಲಿ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಇಳಿಸುತ್ತ ಚಿತ್ರಗಳನ್ನು ಒಣಗಿಸಿದರು. ಸಾಂತಾ ಕ್ರೋಚೆ ಚರ್ಚಿನಲ್ಲಿದ್ದ, 13ನೇ ಶತಮಾನದ ಚಿಮಾಬುಯೆಯ ಶಿಲುಬೆ ಮಾತ್ರ ತನ್ನ ಬಣ್ಣದ ಸುಮಾರು ಶೇ 60ರಷ್ಟನ್ನು ಆಗಲೇ ಕಳೆದುಕೊಂಡಿತ್ತು. ಕ್ರಿಸ್ತನ ಮುಖದಲ್ಲೂ ಅರ್ಧ ಬಣ್ಣವಿಲ್ಲ. ಹೊಸದಾಗಿ ಬರೆದು ಸೇರಿಸಲು ಪುನರುದ್ಧಾರಕರು ಒಪ್ಪಲಿಲ್ಲ. ಖಾಲಿ ಜಾಗದಲ್ಲಿ ಸಣ್ಣ ಬಣ್ಣದ ಗೆರೆಗಳನ್ನಷ್ಟೇ ಹೆಣೆದರು. ದೂರಕ್ಕೆ ಕಣ್ಣು ಎಡವುವುದಿಲ್ಲ, ಹತ್ತಿರ ಹೋದರೆ ಗಾಯ ಕಾಣುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ಆದರೆ ಚಿಮಾಬುಯೆ ಬರೆಯದ ಮುಖವನ್ನು ಅವನದೆಂದು ತೋರಿಸುವುದಕ್ಕಿಂತ ಇದು ಪ್ರಾಮಾಣಿಕ.

ಅದೇ ಚರ್ಚಿನ ವಸ್ತುಸಂಗ್ರಹಾಲಯದಲ್ಲಿ ಮುಳುಗಿದ್ದ ವಸಾರಿಯ ‘ಕೊನೆಯ ಭೋಜನ’ ಚಿತ್ರಕ್ಕೆ ಜಪಾನಿ ಕಾಗದ ಹೊದಿಸಿ ಎತ್ತಿಟ್ಟರು. ಅದನ್ನು ಸರಿಪಡಿಸುವ ಉಪಾಯ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ದಶಕ ಅದು ಕತ್ತಲಲ್ಲಿ ಕಾದಿತು. 2016ರ ನವೆಂಬರಿನಲ್ಲಿ, ನೆರೆಯ ಐವತ್ತನೇ ವರ್ಷಕ್ಕೆ ಸರಿಯಾಗಿ, ಸಾಂತಾ ಕ್ರೋಚೆಗೆ ಮರಳಿತು. ಈಗ ಅದನ್ನು ತೂಗುಹಾಕಿರುವುದು ರಾಟೆಯ ಮೇಲೆ. ನದಿ ಮತ್ತೆ ಏರಿದರೆ ಚಿತ್ರವನ್ನು ಮೇಲಕ್ಕೆ ಸೇದಿಬಿಡಬಹುದು.