ಕೆಂಡ ಉಳಿಯದ ಒಲೆ

ಊರಿನ ಚರಿತ್ರೆ ಬರೆಯುವಾಗ ಸಂಸ್ಥಾನ, ಗುಡಿ, ಶಾಸನ ಎಲ್ಲಾ ಬರ್ತಾವ. ಒಲೆ ಮಾತ್ರ ಬರೋದಿಲ್ಲ. ನಾರಾಯಣಪೇಟೆ, ಮಕ್ತಲ್ ಕಡೆಯ ನಮ್ಮ ಹೆಣ್ಣುಮಕ್ಕಳ ಆಯುಷ್ಯ ಕಳೆದದ್ದು ಅದರ ಮುಂದೆಯೇ. ಅದಕ್ಕೇ ನಾಲ್ಕು ಮಾತು ಬರೆಯುತ್ತೇನೆ.

1947ರಲ್ಲಿ ವಾರ್ಧಾದ ಮಗನವಾಡಿಯಿಂದ ‘ಮಗನ್ ಚೂಲಾ’ ಎಂಬ ಹೊಗೆ ಕೊಳವೆಯ ಒಲೆ ಹೊರಬಂತು. 1953ರಲ್ಲಿ ಹೈದರಾಬಾದಿನ ಇಂಜಿನಿಯರ್ ಎಸ್.ಪಿ. ರಾಜು ಅವರು ಹೊಗೆಯಿಲ್ಲದ ಅಡುಗೆಮನೆ ಕುರಿತು ಪುಸ್ತಕವನ್ನೇ ತಂದರು. ಆಗ ನಾವೂ ರಾಯಚೂರು, ಗುಲ್ಬರ್ಗಾದವರೂ ಒಂದೇ ಹೈದರಾಬಾದ್ ರಾಜ್ಯದವರು. ನಡುವೆ ಗಡಿ ಬಿದ್ದದ್ದು 1956ರಲ್ಲಿ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗದಿಂದ ಮೂರು ಪಾತ್ರೆಯ ‘ಅಸ್ತ್ರ ಒಲೆ’ ಬಂತು. 1983ರಲ್ಲಿ ಕೇಂದ್ರ ಸರ್ಕಾರವೇ ಸುಧಾರಿತ ಒಲೆಗಳ ಯೋಜನೆ ಹಿಡಿಯಿತು. 2002ರಲ್ಲಿ ಅದು ನಿಂತಿತು.

ಈ ಒಲೆಗಳ ಜೀವಾಳ ಗಾಳಿ. ಕೊಳವೆಯಲ್ಲಿ ಬಿಸಿ ಹೊಗೆ ಮೇಲೇರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಕಾದ ಕಟ್ಟಿಗೆ ಮೊದಲು ಅನಿಲ ಬಿಡುತ್ತದೆ. ಗಾಳಿ ಸಿಕ್ಕರೆ ಅದು ಉರಿ, ಸಿಗದಿದ್ದರೆ ಹೊಗೆ. ಅನಿಲ ತೀರಿದ ಮೇಲೆ ಉಳಿಯೋದು ಕೆಂಡ. ಅದಕ್ಕೆ ಅಡಿಯ ಜಾಲರಿಯಿಂದ ಗಾಳಿ ಬಡಿದರೆ ಧಗಧಗ ಉರಿದು ಬೇಗ ಬೂದಿಯಾಗುತ್ತದೆ. ಬೂದಿ ಮುಚ್ಚಿ ಗಾಳಿ ತಡೆದರೆ ಬೆಳಗಿನ ತನಕ ಜೀವ ಹಿಡಿದಿರುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಅಡುಗೆ ಅರ್ಧ ಉರಿಯದ್ದು, ಅರ್ಧ ಕೆಂಡದ್ದು. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿ ಕೆಂಡಕ್ಕೆ ಒಡ್ಡಿದರೆ ಉಬ್ಬುತ್ತದೆ. ಹಾಲು ಕೆನೆಗಟ್ಟುವುದೂ ಕೆಂಡದ ಮೇಲೆಯೇ. ನಮ್ಮ ಓಣಿಗೆ ಹೊಗೆ ಕೊಳವೆಯ ಒಲೆ ಬಂದಾಗ ನಮ್ಮ ಚಿಗವ್ವ ಅಂದಳು: “ಉರಿ ಛಲೋ ಅದ, ಹೊಗಿನೂ ಇಲ್ಲ. ಆದ್ರ ಕೆಂಡನ ಉಳಿಯಂಗಿಲ್ಲ, ರೊಟ್ಟಿ ಎಲ್ಲಿ ಸುಡ್ಲಿ?” ಒಲೆ ಕಟ್ಟಿಸಿದವರು ಅದನ್ನು ಹಳ್ಳಿಯವರ ಹಠ ಅಂದುಕೊಂಡರು. ಅವಳು ಹೇಳಿದ್ದು ಗಾಳಿಯ ಲೆಕ್ಕ.

ಹಂಗಂತ ಹಳೆ ಒಲೆಯನ್ನು ಹೊಗಳಲಾರೆ. ಹೊಗೆ ಕುಡಿದು ಅವಳ ಕಣ್ಣು ಕೆಂಪಾದದ್ದು, ಕೆಮ್ಮು ಬಿಡದೆ ಹೋದದ್ದು ಕಂಡಿದ್ದೇನೆ. ಹೊಗೆ ಹೊರಗೆ ಹೋಗಬೇಕು, ಕೆಂಡ ಒಳಗೆ ಉಳಿಯಬೇಕು. ಅಡುಗೆ ಮುಗಿಯುವ ಹೊತ್ತಿಗೆ ಜಾಲರಿಯ ಕೆಳಗಿನ ಗಾಳಿಕಿಂಡಿಗೆ ಒಂದು ಹಂಚಿನ ಚೂರು ಅಡ್ಡ ಇಟ್ಟರೂ ಕೆಂಡ ಇನ್ನಷ್ಟು ಹೊತ್ತು ನಿಲ್ಲುತ್ತದೆ. ರೊಟ್ಟಿ ಬಡಿಯುವವರನ್ನು ಮೊದಲೇ ಕೇಳಿದ್ದರೆ ಇಷ್ಟು ಸಣ್ಣ ಮಾತು ಆವಾಗಲೇ ಹೊಳೆಯುತ್ತಿತ್ತು.