ಉಚಿತ ಶಿಬಿರದ ಕಣ್ಣಿನ ಲೆನ್ಸ್ ಐದು ವರ್ಷಕ್ಕೆ ‘ಎಕ್ಸ್‌ಪೈರಿ’ ಆಗುತ್ತದೆಯೇ?

ನಂಜನಗೂಡಿನ ಓದುಗರೊಬ್ಬರು ನಮಗೊಂದು ವಾಟ್ಸ್ಯಾಪ್ ಫಾರ್ವರ್ಡ್ ಕಳಿಸಿದ್ದಾರೆ. ಪುಟ್ಟ ಡಬ್ಬಿಯೊಂದರ ಫೋಟೊ, ಅದರ ಮೇಲಿನ ತಾರೀಖಿಗೆ ಕೆಂಪು ಸುತ್ತು. ಕೆಳಗೆ ಹೀಗೆ ಬರೆದಿದೆ: “ಉಚಿತ ಶಿಬಿರದಲ್ಲಿ ಕಣ್ಣಿಗೆ ಹಾಕೋದು ಅಗ್ಗದ ಪ್ಲಾಸ್ಟಿಕ್ ಲೆನ್ಸ್. ಐದು ವರ್ಷಕ್ಕೆ ಎಕ್ಸ್‌ಪೈರಿ. ಆಮೇಲೆ ಕಣ್ಣೇ ಹೋಗುತ್ತೆ. ಎಲ್ಲರಿಗೂ ಶೇರ್ ಮಾಡಿ.”

ಟಿ. ನರಸೀಪುರದ ಕಡೆಯ ಹಳ್ಳಿಯಲ್ಲಿರುವ ಅವರ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಿಬಿರಕ್ಕೆ ಹೆಸರೂ ಬರೆಸಿ ಆಗಿತ್ತು. ಮನೆಯವರ ಗ್ರೂಪಿಗೆ ಈ ಸಂದೇಶ ಬಂದ ಮೇಲೆ ಅಜ್ಜಿ “ಇರೋ ಚೂರು ಬೆಳಕನ್ನೂ ಕಳಕೊಳ್ಳೋದು ಬ್ಯಾಡ ಕಣವ್ವ” ಎಂದು ಹಿಂದೆ ಸರಿದಿದ್ದಾರೆ. “ಇದು ನಿಜವೇ, ಸುಳ್ಳೇ ಹೇಳಿ” ಎಂದು ಮೊಮ್ಮಗಳು ಕೇಳಿದ್ದಾರೆ.

ಸುಳ್ಳು. ಡಬ್ಬಿಯ ಮೇಲಿನ ತಾರೀಖು ನಿಜ, ಅದಕ್ಕೆ ಕೊಟ್ಟಿರುವ ಅರ್ಥ ತಪ್ಪು. ಲೆನ್ಸಿನ ಬೆಲೆ ಕಡಿಮೆ ಇರುವುದಕ್ಕೆ ಕಾರಣ ಬೇರೆಯೇ ಇದೆ. ಒಂದೊಂದಾಗಿ ನೋಡೋಣ.

ಪೊರೆ ಎಂದರೇನು?

‘ಪೊರೆ’ ಎಂಬ ಪದದಿಂದಲೇ ಗೊಂದಲ ಶುರುವಾಗುತ್ತದೆ. ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೊಂದು ತೆಳು ಪದರ ಬೆಳೆದಿದೆ, ಡಾಕ್ಟರು ಅದನ್ನು ಸುಲಿದು ತೆಗೆಯುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಪಾಪೆಯ ಹಿಂದೆ ಹುಟ್ಟಿನಿಂದಲೇ ಒಂದು ಪಾರದರ್ಶಕ ಲೆನ್ಸ್ ಇರುತ್ತದೆ. ವಯಸ್ಸಾದಂತೆ ಅದೇ ಮಬ್ಬಾಗುತ್ತದೆ. ಆಪರೇಷನ್ನಿನಲ್ಲಿ ಮಬ್ಬಾದ ಲೆನ್ಸನ್ನು ತೆಗೆದು, ಅದರ ಸುತ್ತಲಿನ ತೆಳುವಾದ ಚೀಲವನ್ನು ಹಾಗೇ ಬಿಟ್ಟು, ಅದರೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ಯಾವ ಹನಿಯೂ, ಯಾವ ಸೊಪ್ಪಿನ ರಸವೂ ಮಬ್ಬಾದ ಲೆನ್ಸನ್ನು ಮತ್ತೆ ತಿಳಿಯಾಗಿಸುವುದಿಲ್ಲ.

ಲೆನ್ಸ್ ಹಾಕದ ಕಾಲವೂ ಇತ್ತು

ಕರ್ನಾಟಕದ ಹಿರಿಯರಿಗೆ ಡಾ. ಎಂ. ಸಿ. ಮೋದಿ ಅವರ ಹೆಸರು ನೆನಪಿರಬಹುದು. ಊರೂರಿಗೆ ಹೋಗಿ ಶಿಬಿರ ನಡೆಸಿ ಉಚಿತವಾಗಿ ಆಪರೇಷನ್ ಮಾಡುತ್ತಿದ್ದ ಅವರನ್ನು ಜನ ‘ಕಣ್ಣು ಕೊಡೋ ಅಣ್ಣ’ ಎಂದೇ ಕರೆಯುತ್ತಿದ್ದರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಆ ಕಾಲದ ಶಿಬಿರಗಳಲ್ಲಿ ಮಬ್ಬಾದ ಲೆನ್ಸನ್ನು ತೆಗೆಯುತ್ತಿದ್ದರು, ಆದರೆ ಒಳಗೆ ಬೇರೆ ಲೆನ್ಸ್ ಹಾಕುತ್ತಿರಲಿಲ್ಲ. ಬದಲಿಗೆ ಸುಮಾರು +10 ಪವರಿನ ದಪ್ಪ ಕನ್ನಡಕ ಕೊಡುತ್ತಿದ್ದರು. ನಮ್ಮ ಅಜ್ಜ ಅಜ್ಜಿಯರ ಸೋಡಾ ಬಾಟಲಿ ಕನ್ನಡಕ ಅದೇ. ಅದನ್ನು ಹಾಕಿಕೊಂಡರೆ ಎದುರಿನ ವಸ್ತು ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಸೊಟ್ಟಗಾಗುತ್ತದೆ. ಕನ್ನಡಕ ಒಡೆದರೆ ಮತ್ತೆ ಕತ್ತಲೆ.

ಕಣ್ಣೊಳಗೆ ಪ್ಲಾಸ್ಟಿಕ್ ಸರಿಯೇ?

ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಕಿಟಕಿ ಒಡೆದು ಕೆಲವು ಪೈಲಟ್‌ಗಳ ಕಣ್ಣಿಗೆ ಚೂರುಗಳು ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದನ್ನು ಬ್ರಿಟನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಲೆನ್ಸನ್ನು ಮೊದಲ ಬಾರಿ ಮನುಷ್ಯರ ಕಣ್ಣಿಗೆ ಹಾಕಿದರು. ಆ ಪ್ಲಾಸ್ಟಿಕ್ಕಿನ ಹೆಸರು ಪಿಎಂಎಂಎ. ಅದು ಈಗಲೂ ಬಳಕೆಯಲ್ಲಿದೆ.

ರಿಡ್ಲಿ ಹಾಕಿದ ಮೊದಲ ಲೆನ್ಸಿನ ಪವರ್ ಲೆಕ್ಕ ಮಾತ್ರ ತಪ್ಪಿತ್ತು. ರೋಗಿಗೆ ದೂರದ್ದು ಮಸುಕಾಗಿಯೇ ಉಳಿಯಿತು. ಕಣ್ಣಿನ ಲೆನ್ಸಿನಲ್ಲಿ ನಿಖರತೆ ಎಷ್ಟು ಮುಖ್ಯ ಎಂಬುದು ಅಲ್ಲೇ ಗೊತ್ತಾಯಿತು.

ಬೆಲೆ ಇಳಿದಿದ್ದು ಹೇಗೆ?

ಲೆನ್ಸಿನ ಅಗಲ ಸುಮಾರು 6 ಮಿ.ಮೀ., ಅಂಗಿಯ ಗುಂಡಿಗಿಂತ ಚಿಕ್ಕದು. ಎರಡು ಬದಿಗೆ ಸಣ್ಣ ಕೊಂಡಿಗಳು. ಇಷ್ಟು ಪುಟ್ಟ ವಸ್ತುವಿಗೆ ಸರಿಯಾದ ಬಾಗು ಕೊಟ್ಟು, ಒಂದು ಗೀರೂ ಇಲ್ಲದಂತೆ ನುಣುಪು ಮಾಡಬೇಕು. ಒಂದೊಂದನ್ನೇ ಕೈಯಿಂದ ಉಜ್ಜುತ್ತಾ ಕೂತರೆ ದಿನಕ್ಕೆ ಎಷ್ಟು ಆದೀತು?

ಆ ಕೆಲಸವನ್ನು ಎರಡು ಉಪಾಯಗಳು ಸುಲಭ ಮಾಡಿದವು. ಮೊದಲನೆಯದು ಕಂಪ್ಯೂಟರ್ ನಡೆಸುವ ಲೇತ್ ಯಂತ್ರ. ಪ್ಲಾಸ್ಟಿಕ್ ಬಿಲ್ಲೆಯನ್ನು ಅದರಲ್ಲಿ ಸಿಕ್ಕಿಸಿದರೆ, ವಜ್ರದ ಮೊನೆ ಅದನ್ನು ಬೇಕಾದ ಬಾಗಿಗೆ ಕೆತ್ತುತ್ತದೆ. ಪವರ್ ಬದಲಾಯಿಸಲು ಯಂತ್ರಕ್ಕೆ ಬೇರೆ ಅಂಕಿ ಕೊಟ್ಟರೆ ಸಾಕು.

ಎರಡನೆಯದು ಉರುಳಿಸಿ ನುಣುಪು ಮಾಡುವ ವಿಧಾನ. ಕಪಿಲಾ ನದಿಯ ಬೆಣಚು ಕಲ್ಲುಗಳನ್ನು ಯಾರೂ ಕೂತು ಉಜ್ಜಿಲ್ಲ. ನೀರಿನಲ್ಲಿ, ಮರಳಿನಲ್ಲಿ ಉರುಳಿ ಉರುಳಿ ಅವು ನುಣುಪಾಗಿವೆ. ಇಲ್ಲೂ ಹಾಗೆಯೇ: ನೂರಾರು ಲೆನ್ಸುಗಳನ್ನು ಸಣ್ಣ ಗಾಜಿನ ಮಣಿ ಮತ್ತು ಪಾಲಿಶ್ ಪುಡಿಯ ಜೊತೆ ಡ್ರಮ್ಮಿಗೆ ಹಾಕಿ ದಿನಗಟ್ಟಲೆ ತಿರುಗಿಸುತ್ತಾರೆ. ಲೇತ್ ಬಿಟ್ಟ ಸೂಕ್ಷ್ಮ ಗೀರುಗಳು ಹೋಗುತ್ತವೆ.

ಮದುರೈನ ಅರವಿಂದ್ ಕಣ್ಣಾಸ್ಪತ್ರೆಯ ಬಳಗದವರು 1992ರಲ್ಲಿ ಆರೋಲ್ಯಾಬ್ ಎಂಬ ಲೆನ್ಸ್ ಕಾರ್ಖಾನೆ ಶುರು ಮಾಡಿದರು. ಆಗ ವಿದೇಶದಿಂದ ತರಿಸುವ ಒಂದು ಲೆನ್ಸಿಗೆ ನೂರು ಡಾಲರ್ ಆಸುಪಾಸು ಬೆಲೆ. ಇವರು ಅದನ್ನು ಸುಮಾರು ಹತ್ತು ಡಾಲರಿಗೆ ಇಳಿಸಿದರು, ಮುಂದೆ ಇನ್ನೂ ಕಡಿಮೆಗೆ. ಲಾಭಕ್ಕಾಗಿ ನಡೆಸದ ಸಂಸ್ಥೆ, ದೊಡ್ಡ ಪ್ರಮಾಣದ ತಯಾರಿಕೆ, ಆಮದಿನ ಖರ್ಚು ಇಲ್ಲ. ಇವು ಬೆಲೆ ಇಳಿಯಲು ಕಾರಣ. ಇಂದು ಅಲ್ಲಿನ ಉತ್ಪನ್ನಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಭಾರತದಲ್ಲಿ ಬೇರೆ ಕಂಪನಿಗಳೂ ಲೆನ್ಸ್ ತಯಾರಿಸುತ್ತಿವೆ.

ತಯಾರಿಕೆ ಸುಲಭವಾಯಿತು ಎಂದರೆ ಪರೀಕ್ಷೆ ಸಡಿಲವಾಯಿತು ಎಂದಲ್ಲ. ಐಎಸ್‌ಒ 11979 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 15ರಿಂದ 25 ಡಯಾಪ್ಟರ್ ನಡುವಿನ ಲೆನ್ಸಿನ ಪವರ್ ಡಬ್ಬಿಯ ಮೇಲೆ ಬರೆದದ್ದಕ್ಕಿಂತ 0.4 ಡಯಾಪ್ಟರ್‌ಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ಅಗ್ಗದ ಲೆನ್ಸಿಗೊಂದು ದುಬಾರಿ ಲೆನ್ಸಿಗೊಂದು ಎಂಬ ಭೇದ ಇದರಲ್ಲಿಲ್ಲ.

ಹಾಗಾದರೆ ಡಬ್ಬಿಯ ಮೇಲಿನ ತಾರೀಖು?

ಲೆನ್ಸನ್ನು ಕ್ರಿಮಿರಹಿತ ಮಾಡಿ ಸೀಲ್ ಮಾಡಿರುತ್ತಾರೆ. ಆ ಪೊಟ್ಟಣ ತೆರೆಯದೆ ಎಲ್ಲಿಯವರೆಗೆ ಕ್ರಿಮಿರಹಿತವಾಗಿ ಇರುತ್ತದೆ ಎಂಬುದನ್ನು ತಾರೀಖು ಹೇಳುತ್ತದೆ. ಅಷ್ಟರೊಳಗೆ ಅದನ್ನು ಕಣ್ಣಿಗೆ ಹಾಕಬೇಕು. ಹಾಕಿದ ಮೇಲೆ ಲೆನ್ಸ್ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ದುಬಾರಿ ಲೆನ್ಸಿನ ಡಬ್ಬಿಯ ಮೇಲೂ ಇಂಥದೇ ತಾರೀಖು ಇರುತ್ತದೆ.

“ನಮ್ಮ ಚಿಕ್ಕಪ್ಪನಿಗೆ ಎರಡೇ ವರ್ಷಕ್ಕೆ ಮತ್ತೆ ಪೊರೆ ಬಂತಲ್ಲ?” ಎಂದು ನೀವು ಕೇಳಬಹುದು. ಅಲ್ಲಿ ಮಬ್ಬಾಗಿರುವುದು ಲೆನ್ಸ್ ಅಲ್ಲ, ಅದು ಕೂತಿರುವ ಚೀಲದ ಹಿಂಭಾಗ. ಇದು ಯಾವ ಲೆನ್ಸ್ ಹಾಕಿದರೂ ಆಗಬಹುದು, ಲೆನ್ಸಿನ ವಸ್ತು ಮತ್ತು ಅಂಚಿನ ಆಕಾರ ನೋಡಿ ಸ್ವಲ್ಪ ಹೆಚ್ಚು ಕಡಿಮೆ. ಕೆಲವೇ ನಿಮಿಷಗಳ ಲೇಸರ್ ಚಿಕಿತ್ಸೆಯಿಂದ ಸರಿಹೋಗುತ್ತದೆ.

ದುಬಾರಿ ಲೆನ್ಸಿನಲ್ಲಿ ಹೆಚ್ಚೇನಿದೆ?

ಹೆಚ್ಚಿನದು ಇದೆ, ಇಲ್ಲವೆಂದು ನಾವು ಹೇಳುವುದಿಲ್ಲ. ಮಡಚಬಹುದಾದ ಲೆನ್ಸಿಗೆ ಎರಡು ಮೂರು ಮಿ.ಮೀ. ಗಾಯ ಸಾಕು, ಬೇಗ ಮಾಯುತ್ತದೆ. ಮಡಚಲಾಗದ ಪಿಎಂಎಂಎ ಲೆನ್ಸಿಗೆ ಆರೇಳು ಮಿ.ಮೀ. ಬೇಕು. ಕೆಲವು ದುಬಾರಿ ಲೆನ್ಸುಗಳಲ್ಲಿ ದೂರ, ಹತ್ತಿರ ಎರಡೂ ಕಾಣುತ್ತವೆ, ಆದರೆ ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣುವ ತೊಂದರೆಯೂ ಕೆಲವರಿಗೆ ಇರುತ್ತದೆ. ಸಾಮಾನ್ಯ ಲೆನ್ಸಿನಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ. ಅಕ್ಕಿ ಆರಿಸಲು, ಪೇಪರ್ ಓದಲು ಒಂದು ಕನ್ನಡಕ ಬೇಕಾಗಬಹುದು, ಅಷ್ಟೇ.

ನೀವು ಮಾಡಬೇಕಾದ್ದು

ಈಗ ಸಾಮಾನ್ಯವಾಗಿ ಶಿಬಿರದಲ್ಲಿ ತಪಾಸಣೆ ಮಾತ್ರ ಮಾಡುತ್ತಾರೆ, ಆಪರೇಷನ್ ಆಸ್ಪತ್ರೆಯಲ್ಲಿ. ಎಲ್ಲಿ, ಯಾರು ಮಾಡುತ್ತಾರೆ ಎಂದು ಮೊದಲೇ ಕೇಳಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡಬೇಡಿ. ಲೆನ್ಸಿನ ಡಬ್ಬಿಯಲ್ಲಿ ಪವರ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕರ್ ಬರುತ್ತದೆ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಲು ಹೇಳಿ, ಜೋಪಾನವಾಗಿಡಿ. ಮನೆಗೆ ಬಂದ ಮೇಲೆ ನೋವು, ಕೆಂಪು ಹೆಚ್ಚಿದರೆ ಅಥವಾ ದೃಷ್ಟಿ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ನಿಜವಾಗಿ ಅಪಾಯ ತರುವುದು ಸೋಂಕು ಮತ್ತು ತಡ. ಲೆನ್ಸಿನ ಬೆಲೆಯಲ್ಲ.

ನಮ್ಮ ಓದುಗರು ಇದನ್ನು ಅಜ್ಜಿಗೆ ಓದಿ ಹೇಳುವುದಾಗಿ ತಿಳಿಸಿದ್ದಾರೆ. ಆ ಕೆಂಪು ಸುತ್ತಿನ ಫೋಟೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೇ ಇದನ್ನು ಹಾಕಿ. ಪೊರೆ ಬಂದ ಯಾರೋ ಒಬ್ಬರು ಅಲ್ಲೂ ಇರಬಹುದು.