ಬಿತ್ತನೆ ಆಲೂಗಡ್ಡೆಗೆ ಚೀಟಿ ಬಂದ ಕಥೆ

ಏಪ್ರಿಲ್ ಕಳೆದು ಮೇ ಬಂತೆಂದರೆ ಹಾಸನದ ಎಪಿಎಂಸಿ ಅಂಗಳಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ರೈತರು ಚೀಲದೊಳಗೆ ಕೈ ಹಾಕಿ ಒಂದು ಗಡ್ಡೆ ತೆಗೆಯುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಎರಡು ಹೋಳು ಮಾಡಿ ನೋಡುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರ ಮನೆಗೂ ಹೀಗೆಯೇ ನೋಡಿ ತಂದದ್ದು. ಆ ವರ್ಷ ಗಿಡ ಮೇಲೇಳಲೇ ಇಲ್ಲ. ಎಲೆ ದೋಣಿಯಂತೆ ಮುದುರಿತು, ಕಿತ್ತಾಗ ಗೋಲಿಯಷ್ಟು ಗಡ್ಡೆ. ಮಾರಿದವರನ್ನು ಕೇಳಿದ್ದಕ್ಕೆ, "ಕಣ್ಣಾರೆ ನೋಡಿ ತಾನೇ ತಗೊಂಡಿದ್ದು?" ಅಂದರು. ಆ ಮಾತಿಗೆ ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಕಥೆ.

ರಾಗಿ, ಜೋಳದಂತೆ ಆಲೂಗಡ್ಡೆಯಲ್ಲಿ ನಾವು ಹಾಕುವುದು ಕಾಳಲ್ಲ. ಅದು ತಾಯಿಗಿಡದ ದೇಹದ್ದೇ ಒಂದು ತುಂಡು. ತಾಯಿಗೆ ನಂಜು ರೋಗವಿದ್ದರೆ ಮಗುವಿಗೂ ಬಂತು. ಮನೆಯ ಗಡ್ಡೆಯನ್ನೇ ಮತ್ತೆ ಮತ್ತೆ ಬಿತ್ತಿದರೆ ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಯುರೋಪಿನ ರೈತರು ಬಹಳ ಹಿಂದೆಯೇ ಕಂಡಿದ್ದರು. ತಳಿಗೆ ಮುಪ್ಪು ಬಂತು ಎಂದುಕೊಂಡರು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಆಟೋ ಆಪೆಲ್ ಎಲೆ ಸುರುಳಿಯಾಗುವುದನ್ನು ಬೇರೆಯೇ ರೋಗವೆಂದು ಗುರುತಿಸಿದರು. 1916ರಲ್ಲಿ ಹಾಲೆಂಡಿನ ಕ್ವಾನ್ಯೆರ್ ಅದು ಗಿಡದಿಂದ ಗಿಡಕ್ಕೆ ಅಂಟುತ್ತದೆ ಎಂದು ತೋರಿಸಿದರು. ಅಂಟಿಸುವುದು ಎಲೆಯ ರಸ ಹೀರುವ ಹೇನು ಎಂಬುದು ಆಮೇಲೆ ತಿಳಿಯಿತು. ಮುಪ್ಪೂ ಅಲ್ಲ, ಮಣ್ಣಿನ ಶಾಪವೂ ಅಲ್ಲ.

ಇಲ್ಲೊಂದು ತೊಡಕಿತ್ತು. ಈ ನಂಜು ಹಸಿರು ಗಿಡದಲ್ಲಿ ಕಾಣುತ್ತದೆ, ಗಡ್ಡೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕೊಯ್ದರೂ ಬೆಳ್ಳಗೇ ಇರುತ್ತದೆ. ಹಾಗಾಗಿ ಬಿತ್ತನೆ ಗಡ್ಡೆಯ ಪರೀಕ್ಷೆ ಸಂತೆಯಲ್ಲಿ ಅಲ್ಲ, ಅದು ಬೆಳೆಯುವ ಹೊಲದಲ್ಲೇ ಆಗಬೇಕಾಯಿತು. ಜರ್ಮನಿಯಲ್ಲಿ ಶುರುವಾದ ಈ ಪದ್ಧತಿಯನ್ನು 1914ರಲ್ಲಿ ಅಮೆರಿಕಕ್ಕೆ ಹೋದ ಆಪೆಲ್ ಅಲ್ಲಿಯವರಿಗೂ ವಿವರಿಸಿದರು. ದೃಢೀಕರಣದ ಚೀಟಿಯ ಬೇರು ಇರುವುದು ಅಲ್ಲಿ.

ನಮ್ಮ ದೇಶದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ, 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಒಳ್ಳೆಯ ಬಿತ್ತನೆ ಗಡ್ಡೆ ಬೇಕೆಂದರೆ ಹೇನು ಕಡಿಮೆ ಇರುವ ಚಳಿ ಬೆಟ್ಟವೇ ಬೇಕು ಎಂಬ ನಂಬಿಕೆ ಆಗ. ಅಲ್ಲಿನ ವಿಜ್ಞಾನಿ ಪುಷ್ಕರನಾಥ್ ಬಯಲಿನಲ್ಲೂ ಆಗುತ್ತದೆ ಎಂದು ಮಾಡಿ ತೋರಿಸಿದರು. ಉಪಾಯ ಸರಳ. ಉತ್ತರದ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೇನು ಕಡಿಮೆ. ಆ ಅವಧಿಯಲ್ಲೇ ಬೆಳೆದು, ನೂರು ಎಲೆಗೆ 20 ಹೇನು ಆಗುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಡುವುದು. ಎಲೆಯೇ ಇಲ್ಲದಿದ್ದರೆ ನಂಜು ಗಡ್ಡೆಗಿಳಿಯುವುದು ಹೇಗೆ? ಪಂಜಾಬ್ ದೇಶಕ್ಕೇ ಬಿತ್ತನೆ ಗಡ್ಡೆ ಕೊಡುವ ನಾಡಾದದ್ದು ಈ ಉಪಾಯದಿಂದ. ನಮ್ಮ ಹಾಸನದ ಹೊಲ ತುಂಬಿದ, 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯೂ ಬಂದದ್ದು ಇದೇ ದಾರಿಯಲ್ಲಿ.

1966ರ ಬೀಜ ಕಾಯ್ದೆಯ ನಂತರ ಬರೆದ ಮಾನದಂಡ ಓದಿದರೆ ಈ ಚರಿತ್ರೆಯೆಲ್ಲ ಅದರಲ್ಲಿದೆ. ಬೇರೆ ಆಲೂಗಡ್ಡೆ ಹೊಲದಿಂದ 5 ಮೀಟರ್ ದೂರ. ನರೂಲಿ ರೋಗ ಅಥವಾ ಬೇರಿನಲ್ಲಿ ಕೋಶ ಕಟ್ಟುವ ಜಂತುಹುಳು ಇರುವ ಮಣ್ಣು ಬೇಡವೇ ಬೇಡ. ತಪಾಸಣೆ ಕನಿಷ್ಠ ನಾಲ್ಕು ಸಲ. ಕೊನೆಯದು ನಮಗೆ ಬಹಳ ಹಿಡಿಸಿತು: ಗಿಡ ಕತ್ತರಿಸಿದ ಸುಮಾರು ಹತ್ತು ದಿನಕ್ಕೆ ಮತ್ತೆ ಹೋಗಿ, ಎಲ್ಲಾದರೂ ಚಿಗುರಿದೆಯೇ ಎಂದು ನೋಡುವುದು. ಅಷ್ಟು ಚಿಗುರು ಸಾಕು, ಹೇನು ಬಂದು ಕೂರಲು.

ಮಣ್ಣಿನ ವಿಷಯದಲ್ಲಿ ಅಷ್ಟು ಬಿಗಿ ಏಕೆ ಎನ್ನುವವರು ನೀಲಗಿರಿ ನೋಡಬೇಕು. 1961ರಲ್ಲಿ ಅಲ್ಲಿ ಜಂತುಹುಳು ಪತ್ತೆಯಾಯಿತು, ಇನ್ನೂ ಹೋಗಿಲ್ಲ. 2018ರಲ್ಲಿ ಅದೇ ಕಾರಣಕ್ಕೆ ಹಿಮಾಚಲದಿಂದಲೂ ಬಿತ್ತನೆ ಗಡ್ಡೆ ಹೊರಗೆ ಸಾಗಿಸದಂತೆ ಕೇಂದ್ರ ಸರ್ಕಾರ ತಡೆಯಿತು. ಕುಫ್ರಿ ಎಂಬ ಊರಿರುವುದು ಆ ಹಿಮಾಚಲದಲ್ಲೇ!

ಈಗ ಮತ್ತೆ ಅಂಗಳಕ್ಕೆ ಬರೋಣ. ಕಾಯ್ದೆಯಲ್ಲಿ ದೃಢೀಕರಣ ಕಡ್ಡಾಯವಲ್ಲ, ಬೆಳೆದವರ ಇಷ್ಟ. ಹೊಲ ನೋಡಿ ಸರ್ಕಾರಿ ಏಜೆನ್ಸಿ ಕೊಡುವ ದೃಢೀಕೃತ ಬೀಜದ ಚೀಟಿ ಆಕಾಶ ನೀಲಿ. ಮೂಲ ಬೀಜದ್ದು ಬಿಳಿ. ತಿಳಿಹಸಿರು ಚೀಟಿ ಇದ್ದರೆ ಅದು ಮಾರುವವರು ತಾವೇ ಕೊಟ್ಟ ಮಾತು, ಹೊಲಕ್ಕೆ ಏಜೆನ್ಸಿಯ ತಪಾಸಣೆಗಾರರು ಹೋಗಿರಲೇಬೇಕೆಂದಿಲ್ಲ. ಚೀಟಿಯೇ ಇಲ್ಲದ ಚೀಲ ಅಡುಗೆಯ ಗಡ್ಡೆಯೂ ಇರಬಹುದು.

ನೀಲಿ ಚೀಟಿ ಇದ್ದರೆ ಎಲ್ಲ ಸರಿ ಎಂದೂ ನಾವು ಹೇಳುವುದಿಲ್ಲ. ಮುಂಗಾರಿನ ಮೋಡ, ಸೋನೆ ಮಳೆಯಲ್ಲಿ ಅಂಗಮಾರಿ ಪಕ್ಕದ ಹೊಲದಿಂದಲೂ ಗಾಳಿಯಲ್ಲಿ ಬರುತ್ತದೆ, ಅದಕ್ಕೆ ಚೀಟಿ ಅಡ್ಡ ಬರದು. ಗಡ್ಡೆ ಹೋಳು ಮಾಡುವ ಕುಡುಗೋಲಿನಿಂದ ದುಂಡಾಣು ಸೊರಗು ರೋಗ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಅದು ನಮ್ಮ ಜಗಲಿಯಲ್ಲೇ ನಡೆಯುವ ಕೆಲಸ.

ಆದರೆ ಮುದುರಿದ ಎಲೆಯ ಲೆಕ್ಕ ಬೇರೆ. ಅದನ್ನು ಮೇ ತಿಂಗಳಲ್ಲಿ ಚೀಲದೊಳಗೆ ಕಣ್ಣಾರೆ ನೋಡಲು ಯಾರಿಗೂ ಆಗುವುದಿಲ್ಲ. ನೋಡಬೇಕಾದ ಗಿಡ ಡಿಸೆಂಬರ್‌ನಲ್ಲಿ ಪಂಜಾಬಿನ ಹೊಲದಲ್ಲಿತ್ತು. ನಮ್ಮ ಗೆಳೆಯರ ಅಪ್ಪ ಈಗ ಗಡ್ಡೆ ಕೆರೆಯುವ ಮೊದಲು ಚೀಟಿ ಕೇಳುತ್ತಾರೆ. ಬಿತ್ತಿದ ಮೇಲೂ ಅದನ್ನು, ಬಿಲ್ಲಿನ ಜೊತೆ, ಬೆಳೆ ಕೀಳುವವರೆಗೆ ಟ್ರಂಕಿನಲ್ಲಿ ಇಟ್ಟಿರುತ್ತಾರೆ.